ಹತ್ತರ ಲೆನ್ಸು

ಎಂಟು ತಿಂಗಳಿಂದ ಕ್ಷಯದ ಮಾತ್ರೆ ನುಂಗಿದರೂ ಬಟ್ಟೆ ಒಗೆಯುವವಳ ಕೆಮ್ಮಿನಲ್ಲಿ ರಕ್ತ ನಿಂತಿರಲಿಲ್ಲ. ರೋಗ ಅಂಟೀತೆಂದು ನಾದಿನಿ ಅವಳ ಮೂರು ವರ್ಷದ ಮಗಳನ್ನು ಎತ್ತಿಕೊಂಡು ಹೋಗಿಯೂ ಅಷ್ಟೇ ತಿಂಗಳಾಗಿತ್ತು. ಡಾಕ್ಟರು ಕೂತಲ್ಲಿಂದಲೇ ತೀರ್ಪು ಕೊಟ್ಟರು: "ಮಾತ್ರೆಗೆ ಬಗ್ಗದ ಕ್ಷಯ. ಇನ್ನೂ ಜೋರು ಔಷಧಿ ಕೊಡೋಣ, ಇನ್ನೊಂದು ವರ್ಷ."

ಕಫ ಪರೀಕ್ಷಿಸುವ ಲ್ಯಾಬಿನವಳಿಗೆ ಮೈಯೆಲ್ಲ ಉರಿದುಹೋಯಿತು. ಐದು ಸಲ ನೋಡಿದ್ದಳು. ಐದೂ ಸಲ ಕ್ಷಯದ ಒಂದು ಕ್ರಿಮಿಯೂ ಕಂಡಿರಲಿಲ್ಲ.

"ನಾನು ಬರ್ಕೊಟ್ಟಿದ್ದನ್ನ ಒಂದ್ಸಲನಾದ್ರೂ ಓದಿದ್ರಾ ಸರ್?"

"ಎಕ್ಸ್‌ರೇಲಿ ಮಚ್ಚೆ ಇದೆ, ರಕ್ತ ಬರ್ತಿದೆ. ಇನ್ನೇನಮ್ಮ, ನೆಗಡಿನಾ?"

ಅವಳು ದಡದಡನೆ ಹೊರಬಂದು, ಬೆಂಚಿನ ಮೇಲಿದ್ದ ರೋಗಿಯನ್ನೇ ವಿಚಾರಿಸಿದಳು. ಏನು ತಿನ್ನುತ್ತೀಯ?

"ಬಟ್ಟೆ ನೆನೆಯೋ ಹೊತ್ತಲ್ಲಿ ಹೊಳೇಲಿ ಏಡಿ ಸಿಗ್ತವೆ ಅಕ್ಕ. ಒಂದಿಷ್ಟು ಬೆಂಕಿ ತೋರ್ಸಿ ತಿಂದ್ಬಿಡ್ತೀನಿ. ಬೇಯೋ ತನಕ ಯಾರು ಕಾಯ್ತಾರೆ?"

ಏಡಿಯಿಂದ ಬಂದು ಶ್ವಾಸಕೋಶದಲ್ಲಿ ಬೀಡುಬಿಡುವ ಹುಳ! ಓದುವಾಗ ಒಂದೇ ಸಾಲಿನಲ್ಲಿ ಮುಗಿದಿದ್ದ ಪಾಠ ಅದು. ಆ ಲ್ಯಾಬಿನಲ್ಲಿ ಕಫಕ್ಕೆ ಬಣ್ಣ ಹಾಕಿ, ಆಮ್ಲದಲ್ಲಿ ತೊಳೆದು, ನೇರ ಸೂಕ್ಷ್ಮದರ್ಶಕದ ನೂರರ ಲೆನ್ಸಿನಡಿ, ನೂರು ಪಟ್ಟು ಹಿಗ್ಗಿಸಿ, ನೋಡುವುದೇ ರೂಢಿ. ಕ್ಷಯದ ಕ್ರಿಮಿಗೆ ಅದೇ ಸರಿ. ಹುಳದ ಮೊಟ್ಟೆಗಳು ಆ ಆಮ್ಲಕ್ಕೇ ಹಾಳಾಗುತ್ತವೆ. ಈ ಸಲ ಬಣ್ಣವಿಲ್ಲದ ಹಸಿ ಕಫವನ್ನೇ ಗಾಜಿನ ಮೇಲಿಟ್ಟು, ಯಾರೂ ಮುಟ್ಟದ ಹತ್ತರ ಲೆನ್ಸನ್ನು ತಿರುಗಿಸಿದಳು. ಕಂದು ಬಣ್ಣದ ಮೊಟ್ಟೆಗಳು, ತುದಿಗೊಂದು ಮುಚ್ಚಳ. ಹುಡುಕುವ ಕೆಲಸವೇ ಇರಲಿಲ್ಲ.

ಡಾಕ್ಟರು ಇಣುಕಿ ಗಂಟಲು ಸರಿಮಾಡಿಕೊಂಡರು. "ಹೋಗ್ಲಿ ಬಿಡಿ, ಈಗಲಾದ್ರೂ ಸಿಕ್ತಲ್ಲ. ಮೂರು ದಿನದ ಮಾತ್ರೆ ಸಾಕು."

"ಆ 'ಹೋಗ್ಲಿ ಬಿಡಿ'ನ ಅವಳ ಮುಖ ನೋಡ್ಕೊಂಡು ಹೇಳಿ ಸರ್!"

ಅವರಿಗೆ ವಾರ್ಡಿನಲ್ಲಿ ಕೆಲಸ ನೆನಪಾಯಿತು. ಮಹಾನುಭಾವರು ಮೆಲ್ಲಗೆ ಜಾರಿಕೊಂಡರು. ಹೇಳುವ ಕೆಲಸ ಇವಳ ತಲೆಗೇ ಬಂತು.

"ನಿಂಗೆ ಕ್ಷಯ ಇಲ್ಲ. ನಿನ್ನಿಂದ ಯಾರಿಗೂ ಅಂಟಲ್ಲ. ಇವತ್ತೇ ಮಗಳನ್ನ ಕರ್ಕೊಂಡು ಬಾ."

ಬಟ್ಟೆ ಒಗೆಯುವವಳು ನಗಲಿಲ್ಲ. "ಮೊನ್ನೆ ನಾದಿನಿ ಮನೆ ಬಾಗ್ಲಾಚೆ ನಿಂತು ಕರ್ದೆ ಅಕ್ಕ. ನನ್ನ ನೋಡಿ ಮಗು ತಾನೇ ಬಾಯಿಗೆ ಬಟ್ಟೆ ಕಟ್ಕೊಳ್ತು." ಆಮೇಲೆ ಕೇಳಿದಳು, "ಈ ಪರೀಕ್ಷೆ ಈಗ ಬಂದಿದ್ದಾ?"

"ಇಲ್ಲ. ಹಳೇದೇ."

"ಮತ್ತೆ ಮೊದ್ಲೇ ಯಾಕೆ ಮಾಡ್ಲಿಲ್ಲ?"

ಡಾಕ್ಟರಿಗೆ ಕೊಡಬೇಕಾದ ಬೈಗುಳವೆಲ್ಲ ನಾಲಿಗೆಯ ತುದಿಯಲ್ಲಿತ್ತು. ಆದರೆ ಐದೂ ವರದಿ ಚೀಟಿಯ ಮೇಲೆ ಇದ್ದದ್ದು ತನ್ನದೇ ಸಹಿ.

"ನಾನು ನೋಡ್ಲಿಲ್ಲ," ಎಂದಳು.

ಬಟ್ಟೆ ಒಗೆಯುವವಳು ಎದ್ದು ನಿಂತಳು.

"ನಾನು ಒಂದು ಕಲೆ ನೋಡ್ದೆ ಬಿಟ್ರೆ, ಜನ ಬಟ್ಟೇನ ಮುಖಕ್ಕೇ ಎಸೀತಾರಕ್ಕ."