ಮೂರನೇ ಮಹಡಿಯ ವಿಚಾರಣೆ

ಮಾಸಾಶನದ ಮೇಲ್ಮನವಿ ಕೇಳಲು ಬಂದ ಹೊಸ ಅಧಿಕಾರಿಗಳ ತರಬೇತಿಯಲ್ಲಿ ಅಂಗವಿಕಲ ಅರ್ಜಿದಾರನ ಪಾತ್ರ ಪ್ರತಿ ವರ್ಷ ನನ್ನದೇ. ಕುಂಟುತ್ತಾ ಬಂದು ಕುರ್ಚಿಯಲ್ಲಿ ಕುಸಿದೆ. ಎದುರಿಗೆ ಕೂತಿದ್ದ ಕನ್ನಡಕದ ಹುಡುಗಿ ತಡಮಾಡಲಿಲ್ಲ.

"ಮೂರು ಮಹಡಿ ಹತ್ತಿ ಬಂದಿದ್ದೀರಲ್ಲ, ನಡೆಯೋಕಾಗುತ್ತೆ ಅಂತಾಯ್ತು. ಮಾಸಾಶನ ಇಲ್ಲ."

"ಹತ್ತೋಕಾಗದೆ ಕೆಳಗೇ ಉಳಿದಿದ್ರೆ?"

"ಗೈರುಹಾಜರಿ ಅಂತ ವಜಾ ಮಾಡ್ತಿದ್ದೆ..." ಎಂದವಳ ಮುಖ ಸಪ್ಪಗಾಯಿತು.

ಲಿಫ್ಟಂತೂ ನಾನು ಕೆಲಸಕ್ಕೆ ಸೇರಿದಾಗಿನಿಂದ ಹಾಸಿಗೆ ಹಿಡಿದಿದೆ. ಅಷ್ಟರಲ್ಲಿ ಮೆಟ್ಟಿಲ ಮೇಲೆ ಊರುಗೋಲಿನ ಸದ್ದು ಕೇಳಿಸಿತು. ಮಧ್ಯಾಹ್ನ ಅವಳೇ ವಿಚಾರಣೆ ನಡೆಸಬೇಕಿದ್ದ ನಿಜವಾದ ಅರ್ಜಿದಾರ ಹತ್ತತೊಡಗಿದ್ದ. ಹುಡುಗಿ ಕುರ್ಚಿಯೊಂದನ್ನು ಎತ್ತಿಕೊಂಡು ಬಾಗಿಲಿಗೆ ಓಡಿದಳು.

"ಸಾರ್, ವಿಚಾರಣೆ ಕೆಳಗೇ ಮಾಡ್ತೀನಿ!"

"ಮಾಡಮ್ಮ," ಎಂದೆ, ಮಂಡಿ ನೀವಿಕೊಳ್ಳುತ್ತಾ. "ಹೋದ ವರ್ಷದವರೂ ಮೊದಲನೇ ವಾರ ಹೀಗೇ ಕುರ್ಚಿ ಹೊತ್ತಿದ್ರು."