ಮೂರನೇ ಕ್ರಾಸಿನ ಅಂಗ್ವಿಲ್ಲಾ

ಶರಣಮ್ಮ ಅಂಗಡಿಯಲ್ಲಿ ರೊಟ್ಟಿ ಬಡಿಯುತ್ತಿದ್ದಾಗಲೇ ಹೊರಗಿನ ಜಗಲಿಯ ಮೇಲೆ ಮೂರನೇ ಕ್ರಾಸಿನ ಸಭೆ ಸೇರಿತು. ಅವಳನ್ನು ಯಾರೂ ಕರೆದಿರಲಿಲ್ಲ. ಕಲಬುರಗಿ ಕಡೆಯಿಂದ ವಸಂತಪುರಕ್ಕೆ ಬಂದು, ಗಂಡ ಜಯದೇವಪ್ಪನ ಜೊತೆ ಚಿಕ್ಕಬೈರಪ್ಪನವರ ಮಳಿಗೆ ಬಾಡಿಗೆಗೆ ಹಿಡಿದು ಎರಡು ವರ್ಷವಾಗಿದ್ದರೂ ಬೀದಿಯವರಿಗೆ ಅವಳು ಬರೀ ರೊಟ್ಟಿ ಆಂಟಿ. ರೊಟ್ಟಿ ಕಟ್ಟಿಸಿಕೊಂಡು ಹೋಗುತ್ತಿದ್ದರೇ ಹೊರತು ನಿಂತು ಮಾತಾಡುತ್ತಿರಲಿಲ್ಲ.

ಸಂಕ್ರಾಂತಿಯ ನಂತರದ ಭಾನುವಾರ ಪಾರ್ಕಿನಲ್ಲಿ ಬಡಾವಣೆಯ ವಿಶ್ವಮೇಳ. ಒಂದೊಂದು ಕ್ರಾಸಿಗೆ ಒಂದೊಂದು ನಾಡು. ಅಲ್ಲಿನ ಬಾವುಟ, ಸರ್ಕಾರ, ಊಟ ಎಲ್ಲವನ್ನೂ ಮಾಡಿ ತೋರಿಸಬೇಕು. ಪಕ್ಕದ ಕ್ರಾಸಿಗೆ ಜಪಾನು ಬಂದಿತ್ತು. ಮೂರನೇ ಕ್ರಾಸಿನ ಪರವಾಗಿ ಚೀಟಿ ಎತ್ತಿದ್ದ ಹುಡುಗಿ ಹೇಮಶ್ರೀ ಮುಖ ಸಣ್ಣದು ಮಾಡಿಕೊಂಡು ಹೇಳಿದಳು:

"ನಮಗೆ ಅಂಗ್ವಿಲ್ಲಾ ಬಂದಿದೆ ಅಂಕಲ್."

"ಅಂಗ್ವಿಲ್ಲಾನಾ? ಹಂಗೊಂದು ದೇಶಾನೇ ಇಲ್ಲ ಬಿಡಮ್ಮ," ಎಂದರು ಚಿಕ್ಕಬೈರಪ್ಪ. ಒಂದು ಕಾಲಕ್ಕೆ ಅದೇ ಜಾಗದಲ್ಲಿ ರಾಗಿ ಬೆಳೆದವರು ಅವರು. ಈಗ ಆ ಹೊಲದ ಮೇಲೆ ನಾಲ್ಕು ಮನೆ ಎದ್ದಿದ್ದವು.

"ದೇಶ ಅಲ್ಲ ಅಂಕಲ್, ಪುಟ್ಟ ದ್ವೀಪ. ಕೆರಿಬಿಯನ್ ಸಮುದ್ರದಲ್ಲಿದೆ, ಬ್ರಿಟನ್‌ಗೆ ಸೇರಿದ್ದು. ಅಲ್ಲಿನ ರಾಜ ಗವರ್ನರ್‌ನ ನೇಮಿಸ್ತಾನೆ. ಜನ ಓಟು ಹಾಕಿ ಅಸೆಂಬ್ಲಿ ಆರಿಸ್ತಾರೆ, ಅದಕ್ಕೊಬ್ಬ ಪ್ರೀಮಿಯರ್ ಇರ್ತಾನೆ."

"ಗವರ್ನರ್‌ಗೆ ಓಟಿನ ತಂಟೆ ಇಲ್ವಾ?"

"ಇಲ್ಲ ಅಂಕಲ್."

"ಹಂಗಾದ್ರೆ ಗವರ್ನರ್ ನಾನೇ," ಎಂದು ಅವರು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡರು. ಹೋದ ವರ್ಷ ಬಡಾವಣೆಯ ಸಂಘದ ಚುನಾವಣೆಯಲ್ಲಿ ಸೋತಿದ್ದ ಮನುಷ್ಯ. ಎಲ್ಲರೂ ನಕ್ಕರು. ಪ್ರೀಮಿಯರ್ ಪಾತ್ರ ಬ್ಯಾಂಕಿನ ದೀಪಕ್‌ಗೆ ಹೋಯಿತು.

ಹೇಮಶ್ರೀ ಫೋನಿನಲ್ಲಿ ನೋಡುತ್ತ ಮುಂದುವರಿದಳು. ಅಲ್ಲಿನ ಹಕ್ಕಿ ಬೆಳವ, ಪಾರಿವಾಳದ ಜಾತಿಯದು. ಅಲ್ಲಿನ ಮರ, ಜಯನಗರದ ರಸ್ತೆಗಳಲ್ಲಿ ಗುಲಾಬಿ ಬಣ್ಣದ ಹೂ ಬಿಡುತ್ತಲ್ಲ, ಅದರ ದಾಯಾದಿ. ಊಟ ತೊಗರಿಕಾಳಿನ ಅನ್ನ ಮತ್ತು ಮೀನು. "ಮೀನಿನ ವಿಷಯ ನಾನು ಓದ್ಲೇ ಇಲ್ಲ ಅಂದ್ಕೊಳ್ಳಿ. ಮೇಳದಲ್ಲಿ ಬರೀ ವೆಜ್."

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು. ಶರಣಮ್ಮ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು.

"ಏನಂದ್ರಿ? ತೊಗರಿನಾ?"

"ಹೂಂ ಆಂಟಿ. ಅದೇ ಅವರ ನ್ಯಾಷನಲ್ ಡಿಶ್ ಅಂತೆ."

ಶರಣಮ್ಮನಿಗೆ ನಂಬಲಾಗಲಿಲ್ಲ. ಅವಳ ಊರ ಕಡೆ ಹೊಲದ ತುಂಬ ತೊಗರಿಯೇ. ಈ ಊರಿನಲ್ಲಿ ಚಳಿಗಾಲ ಬಂದರೆ ಎಲ್ಲರ ಬಾಯಲ್ಲೂ ಅವರೆಕಾಯಿಯದೇ ಮಾತು. ತೊಗರಿ ಎಂದರೆ ಡಬ್ಬಿಯಲ್ಲಿರುವ ಬೇಳೆ, ಅಷ್ಟೇ. ಸಮುದ್ರದಾಚೆ ಯಾರೋ ಅದನ್ನು ತಮ್ಮ ನಾಡಿನ ಊಟವೆಂದು ಸಾರಿಕೊಂಡಿದ್ದಾರೆ! ತವರಿನವರನ್ನು ದಾರಿಯಲ್ಲಿ ಕಂಡಂತೆ ಅವಳ ಎದೆ ಅರಳಿತು.

"ಅಯ್ಯೋ, ಅವರೆಕಾಳು ಹಾಕಿದ್ರೆ ಆಯ್ತಪ್ಪ," ಎಂದರು ಚಿಕ್ಕಬೈರಪ್ಪನವರ ಹೆಂಡತಿ ನಾರಾಯಣಮ್ಮ. "ಈಗ ಹಸಿ ತೊಗರಿಕಾಯಿ ಹುಡುಕ್ಕೊಂಡು ಯಾರು ಅಲೀತಾರೆ? ಕಾಳು ಕಾಳೇ ತಾನೆ? ಯಾರಿಗೆ ಗೊತ್ತಾಗುತ್ತೆ?"

ಮಳಿಗೆಯ ಒಡತಿಯ ಮಾತು. ಬಾಡಿಗೆಯವಳು ಎದುರಾಡುವುದು ಹೇಗೆ? ಆದರೆ ಶರಣಮ್ಮನ ನಾಲಿಗೆ ತಡೆಯಲಿಲ್ಲ.

"ಹಂಗ ಮಾಡಬ್ಯಾಡ್ರಿ ಅಮ್ಮಾರ. ಒಂದು ನಾಡಿನ ಮಂದಿ ಇದು ನಮ್ಮದು ಅಂತ ಎದಿ ಮ್ಯಾಲ ಕೈಯಿಟ್ಟು ಹೇಳ್ಯಾರ. ನಮ್ಮ ಬಾವುಟದಾಗ ಯಾರರ ಬ್ಯಾರೆ ಬಣ್ಣ ಹಚ್ಚಿದ್ರ ನಾವು ಸುಮ್ಮಕಿರ್ತೀವೇನ್ರಿ? ತೊಗರಿ ನಾ ತರ್ತೀನಿ, ಅಡಗಿನೂ ನಾನೇ ಮಾಡ್ತೀನಿ."

ನಾರಾಯಣಮ್ಮ ಹುಬ್ಬೇರಿಸಿದರು. ಆಮೇಲೆ, "ಮಾಡಮ್ಮ, ನಂಗೇನು," ಎಂದು ಸೆರಗು ಸರಿಮಾಡಿಕೊಂಡು ಎದ್ದುಹೋದರು.

ಶನಿವಾರ ಬೆಳಿಗ್ಗೆ ಶರಣಮ್ಮ ಹೇಮಶ್ರೀಯನ್ನು ಆಟೋದಲ್ಲಿ ಕೂರಿಸಿಕೊಂಡು ಬನಶಂಕರಿ ಮಾರ್ಕೆಟ್ಟಿಗೆ ಹೋದಳು. ಎತ್ತ ನೋಡಿದರೂ ಅವರೆಕಾಯಿಯ ಗುಡ್ಡೆ. ಇವರು ತೊಗರಿ ಕೇಳಿದರೆ ವ್ಯಾಪಾರಿಗಳು ಇಲ್ಲವೆಂದು ಕೈ ಆಡಿಸಿದರು. ಕೊನೆಗೆ ಮೂಲೆಯಲ್ಲಿ ಮರಿಯಮ್ಮ ಎಂಬ ಮುದುಕಿ ಗೋಣಿಚೀಲ ಬಿಚ್ಚಿ ತೋರಿಸಿದಳು. ಹಸಿರು ಮೈಮೇಲೆ ನೇರಳೆ ಗೆರೆ ಎಳೆದ ಕಾಯಿ. ಶರಣಮ್ಮ ಅಲ್ಲೇ ಒಂದು ಸುಲಿದು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದಳು.

"ಆಂಟಿ, ಅಳ್ತಿದೀರಾ?"

"ಇಲ್ಲವ್ವಾ, ರುಚಿ ನೋಡಾಕತ್ತೀನಿ."

ಸಂಜೆ ಜಗಲಿಯ ಮೇಲೆ ಕಾಯಿ ಸುಲಿಯಲು ಕೂತರು. ಒಬ್ಬೊಬ್ಬರೇ ಹೆಂಗಸರು ಬಂದು ಮೊರಕ್ಕೆ ಕೈ ಹಾಕಿದರು. ಶರಣಮ್ಮ ಬಿಡದೆ ಹೇಮಶ್ರೀಯಿಂದ ಆ ದ್ವೀಪದ ಕಥೆ ಓದಿಸಿಕೊಂಡಳು. ನಾರಾಯಣಮ್ಮ ಮಹಡಿಯ ಮೇಲಿಂದಲೇ ಇಣುಕಿ ನೋಡಿದರು, ಇಳಿದು ಬರಲಿಲ್ಲ.

ಭಾನುವಾರ ಎಲ್ಲ ಸಿದ್ಧವಾಯಿತು. ಕೆಳಗೆ ನೀಲಿ ಪಟ್ಟಿ ಇರುವ ಬಿಳಿ ಬಟ್ಟೆಯ ಮೇಲೆ ಹೇಮಶ್ರೀ ಬರೆದ ಮೂರು ಕಿತ್ತಳೆ ಡಾಲ್ಫಿನ್‌ಗಳು ತುಸು ಹಾಗಲಕಾಯಿಯಂತೆ ಕಂಡರೂ ಬಾವುಟ ಚೆನ್ನಾಗಿಯೇ ಹಾರುತ್ತಿತ್ತು. ಚಿಕ್ಕಬೈರಪ್ಪ ಬಿಳಿ ಸೂಟು ತೊಟ್ಟು, ಗವರ್ನರರ ಗರಿ ಟೋಪಿ ಹಾಕಿ, ಯಾರಾದರೂ ಫೋಟೋ ತೆಗೆಯಲಿ ಎಂದು ಕಾಯುತ್ತಿದ್ದರು. ಅಷ್ಟರಲ್ಲಿ ದೀಪಕ್‌ನ ಫೋನು ಬಂತು. ಅಕ್ಕನಿಗೆ ಹೆರಿಗೆ ನೋವು, ಅವನು ಜಯನಗರದ ಆಸ್ಪತ್ರೆಗೆ ಓಡಿದ್ದ.

"ಪ್ರೀಮಿಯರ್ ಇಲ್ದೆ ಸರ್ಕಾರ ಹೆಂಗೆ ನಡೆಯುತ್ತೆ?" ಹೇಮಶ್ರೀ ತಲೆಯ ಮೇಲೆ ಕೈ ಹೊತ್ತಳು.

"ನಾನೇ ಒಬ್ಬರನ್ನ ನೇಮಕ ಮಾಡ್ತೀನಿ ಬಿಡು," ಎಂದರು ಗವರ್ನರು.

"ನೀವು ಸುಮ್ನಿರಿ," ಎಂದಿತು ಹಿಂದಿನಿಂದ ಒಂದು ದನಿ. ನಾರಾಯಣಮ್ಮ! ಅವರ ಕೈಯಲ್ಲಿ ದೊನ್ನೆ, ದೊನ್ನೆಯಲ್ಲಿ ಅರ್ಧ ತಿಂದ ತೊಗರಿಕಾಳಿನ ಅನ್ನ. "ಅವರನ್ನ ಜನ ಆರಿಸ್ಬೇಕು ಅಂತ ಹೇಮಶ್ರೀ ಅವತ್ತೇ ಹೇಳ್ಲಿಲ್ವಾ? ನಮ್ಮ ಓಟು ಈ ಶರಣಮ್ಮಂಗೆ. ಒಪ್ಪೋರು ಕೈ ಎತ್ರಿ."

ಎತ್ತಿದ ಕೈಗಳನ್ನು ಎಣಿಸುವ ಅಗತ್ಯವೇ ಬೀಳಲಿಲ್ಲ. ಶರಣಮ್ಮ ಸೌಟು ಹಿಡಿದೇ ನಿಂತಿದ್ದಳು. ನಾಚಿಕೆಗೆ ಕಿವಿ ಬಿಸಿಯಾಯಿತು. ಆದರೂ ಕಾಲು ಹಿಂದಕ್ಕೆ ಸರಿಯಲಿಲ್ಲ.

ತೀರ್ಪುಗಾರ್ತಿಯಾಗಿ ಬಂದಿದ್ದ ಕಾಲೇಜು ಮೇಡಂ ಶಾಂತಲಾ ಬಾವುಟ ನೋಡಿ ಕೇಳಿದರು: "ಮೂರು ಡಾಲ್ಫಿನ್ ಯಾಕೆ ಸಾರ್?"

ಗವರ್ನರು ಟೋಪಿ ಸರಿಮಾಡಿಕೊಂಡರು. "ಅದು ಮೇಡಂ... ಗಂಡ, ಹೆಂಡ್ತಿ, ಮಗು."

ಪಾರ್ಕಿಗೆ ಪಾರ್ಕೇ ಗೊಳ್ಳೆಂದಿತು. ಶರಣಮ್ಮನೂ ಬಾಯಿಗೆ ಸೆರಗು ಹಚ್ಚಿ ನಕ್ಕಳು. ನಂತರ ಮುಂದೆ ಬಂದಳು. "ಗೆಳೆತನ, ಬುದ್ಧಿ, ಬಲ ಅಂತ್ರಿ ಮೇಡಂ."

"ಅದನ್ನೇ ಹೇಳ್ದೆ, ಸಂಸಾರ ಅಂದ್ರೆ ಅದೇ ತಾನೆ," ಎಂದು ಚಿಕ್ಕಬೈರಪ್ಪ ಸಂಭಾಳಿಸಿಕೊಂಡರು.

ಶರಣಮ್ಮ ನಿಲ್ಲಿಸಲಿಲ್ಲ. "ಈ ದ್ವೀಪದವರನ್ನ ಬ್ರಿಟನ್‌ದವರು ಒಮ್ಮೆ ಬಾಜೂ ದ್ವೀಪದವರ ಕೈಗೆ ಕೊಟ್ಟಿದ್ರಂತ್ರಿ. ಇವರು ಒಪ್ಪಲಿಲ್ಲ. ಅಲ್ಲಿಂದ ಬಂದಿದ್ದ ಪೊಲೀಸರನ್ನ ನಿಮ್ಮ ಊರಿಗೆ ನೀವು ಹೋಗ್ರಿ ಅಂತ ವಾಪಸ್ ಕಳಿಸಿ, ಈ ಮೂರು ಡಾಲ್ಫಿನ್ ಬಾವುಟ ಏರಿಸಿದ್ರಂತ. ಇಷ್ಟಗಲ ನೆಲ, ಆದ್ರ ನಾವು ಯಾರು ಅಂತ ಅವರಿಗೆ ಪಕ್ಕಾ ಗೊತ್ತಿತ್ತು. ಅಂಥವರ ಊಟ ಐತ್ರಿ ಇದು. ಉಣ್ರಿ."

ತೀರ್ಪುಗಾರ್ತಿ ಎರಡು ಸಲ ಹಾಕಿಸಿಕೊಂಡರು. ತೆಂಗಿನಕಾಯಿ ಹಾಲಿನಲ್ಲಿ ಬೆಂದ ಅನ್ನದ ವಾಸನೆಗೆ ಜಪಾನಿನವರೂ ಫ್ರಾನ್ಸಿನವರೂ ಸಾಲು ನಿಂತರು. ಮಧ್ಯಾಹ್ನಕ್ಕೆಲ್ಲ ಹಂಡೆ ಖಾಲಿ.

ಮೊದಲ ಬಹುಮಾನ ಜಪಾನಿಗೇ ಹೋಯಿತು, ಅಂಗ್ವಿಲ್ಲಾಕ್ಕೆ ಎರಡನೆಯದು. ಅಂಗಡಿ ಮುಚ್ಚಿ ಓಡೋಡಿ ಬಂದ ಜಯದೇವಪ್ಪ ಹಂಡೆಯೊಳಗೆ ಇಣುಕಿ, "ನನಗ?" ಎಂದ.

"ಪ್ರೀಮಿಯರ್ ಗಂಡಗ ಮನ್ಯಾಗ ಮಜ್ಜಿಗಿ ಅದ," ಎಂದಳು ಶರಣಮ್ಮ.

ಜನ ಕರಗಿದ ಮೇಲೆ ಅವಳು ಹಂಡೆಯನ್ನು ಪಾರ್ಕಿನ ನಲ್ಲಿಗೆ ಒಯ್ದಳು. ನಾರಾಯಣಮ್ಮ ಸೀರೆ ಎತ್ತಿಕಟ್ಟಿ ಇನ್ನೊಂದು ಬದಿ ಹಿಡಿದರು. "ಬಿಡ್ರಿ ಅಮ್ಮಾರ, ನಾ ತಿಕ್ಕತೀನಿ," ಎಂದರೂ ಬಿಡಲಿಲ್ಲ. ಇಬ್ಬರೂ ಕೂತು ತಿಕ್ಕಿದರು.

"ಅಲ್ಲಮ್ಮ, ಕಲಬುರಗಿ ಹತ್ರ ನಿಮ್ಮದು ಯಾವ ಹಳ್ಳಿ?" ನಾರಾಯಣಮ್ಮ ಕೇಳಿದರು. ಕೇಳಿ, ಕೈಯಲ್ಲಿದ್ದ ನಾರನ್ನು ಪಕ್ಕಕ್ಕಿಟ್ಟು, ಉತ್ತರಕ್ಕಾಗಿ ಅವಳ ಮುಖ ನೋಡುತ್ತ ಕೂತರು.

ಶರಣಮ್ಮ ಒದ್ದೆ ಕೈ ಒರೆಸಿಕೊಂಡು, ಊರಿನ ಹೆಸರಿನಿಂದ ಶುರುಮಾಡಿದಳು.