ಸೊಂಟದ ಸುತ್ತಳತೆ

ಕಾಲರಿಗೆ ಹೊಲಿಗೆ ಹಾಕುತ್ತಿದ್ದ ಟೈಲರಮ್ಮ ಅರ್ಧಕ್ಕೇ ಮಷೀನು ನಿಲ್ಲಿಸಿ ಮತ್ತೆ ಎದ್ದು ನಿಂತಳು. ಕೂತರೆ ಬಲ ಸೊಂಟಕ್ಕೆ ಯಾರೋ ಕಾದ ಇಸ್ತ್ರಿಪೆಟ್ಟಿಗೆಯ ಅಂಚು ತಾಗಿಸಿದ ಹಾಗೆ. ನಿಂತರೆ ಒಳಗಿನಿಂದಲೇ ಸೂಜಿ ಚುಚ್ಚಿದ ಹಾಗೆ. ಬಾಗಿಲಿನಿಂದ ಕನ್ನಡಿಯವರೆಗೆ, ಕನ್ನಡಿಯಿಂದ ಬಾಗಿಲಿನವರೆಗೆ ಓಡಾಡಿದಳು. ಶಾಲೆ ಶುರುವಾಗುವ ಕಾಲ. ಕತ್ತರಿಸಿಟ್ಟ ಸಮವಸ್ತ್ರದ ಬಟ್ಟೆ ಮೇಜಿನ ಮೇಲೆ ಗುಡ್ಡೆ ಬಿದ್ದಿತ್ತು. ಬೇರೆ ವರ್ಷವಾಗಿದ್ದರೆ ಇಷ್ಟು ಹೊತ್ತಿಗೆ ಆ ಗುಡ್ಡೆ ಅರ್ಧ ಕರಗಿರುತ್ತಿತ್ತು.

ಮೊದಲು ತಪ್ಪನ್ನೆಲ್ಲ ಸೊಂಟದ ಎಲಾಸ್ಟಿಕ್ಕಿನ ಮೇಲೆ ಹೊರಿಸಿದ್ದಳು. ಆಮೇಲೆ ಕೆಂಪಗೆ ದದ್ದು ಎದ್ದಿತು, ಅದರ ಮೇಲೆ ನೀರುಗುಳ್ಳೆಗಳು ಸಾಲುಗಟ್ಟಿದವು. ಭಾನುವಾರ ನೋಡಲು ಬಂದಿದ್ದ ಮಗಳು, "ಯಾವ್ದೋ ಹುಳ ಹರಿದಿದೆ ಅಮ್ಮ, ನಿನಗೆ ಮೈಮೇಲೆ ಗ್ಯಾನವೇ ಇಲ್ಲ" ಎಂದು ಗದರಿ, ತನ್ನ ಕೈಯಾರೆ ಮುಲಾಮು ಹಚ್ಚಿ ಹೋಗಿದ್ದಳು. ಐದು ತಿಂಗಳ ಬಸುರಿ. ಬಗ್ಗುವಾಗ ಏದುಸಿರು ಬಿಡುತ್ತಿದ್ದಳು.

ಪಕ್ಕದ ಬೇಕರಿಯವನ ಹೆಂಡತಿ ಮಾತ್ರ ನೋಡಿದ್ದೇ ತಡ ಬಾಯಿಮೇಲೆ ಕೈ ಇಟ್ಟುಕೊಂಡಳು. "ಇದು ಸರ್ಪಸುತ್ತು ಕಣ್ರೀ. ಹೆಡೆ, ಬಾಲ ಎರಡೂ ಸೇರಿದ್ರೆ ಮುಗೀತು ಅಂತಾರೆ."

"ಅಂತಾರೆ ಅನ್ನೋರು ಯಾರೂ ಯೂನಿಫಾರ್ಮ್ ಹೊಲ್ಕೊಡಲ್ಲ, ಬಿಡಿ" ಎಂದಿದ್ದಳು ಟೈಲರಮ್ಮ. ಆದರೂ ಮರುದಿನ ಬೆಳಿಗ್ಗೆ ಬಾಗಿಲು ಹಾಕಿಕೊಂಡು, ಕನ್ನಡಿಯ ಮುಂದೆ ನಿಂತು, ಕೊರಳಲ್ಲಿದ್ದ ಟೇಪಿನಿಂದ ಹೊಕ್ಕುಳಿಂದ ಬೆನ್ನಿನವರೆಗೆ ಅಳೆದೇ ಅಳೆದಳು. ನಿನ್ನೆಗಿಂತ ಬೆಳೆದಿತ್ತು. ಅಂಗಡಿಗೆ ಬೀಗ ಹಾಕಿ ಡಾಕ್ಟರ ಹತ್ತಿರ ನಡೆದಳು.

ಡಾಕ್ಟರು ಚಿಕ್ಕ ಹುಡುಗಿ, ಮಗಳ ವಯಸ್ಸಿನವಳು. ಗುಳ್ಳೆ ನೋಡಿ, ಅಳತೆ ತೆಗೆದ ಕತೆ ಕೇಳಿ ತಲೆಯಾಡಿಸಿದಳು. "ಸರ್ಪಸುತ್ತೇ. ಆದ್ರೆ ಸುತ್ತು ಪೂರ್ತಿ ಆಗಿ ಜೀವ ಹೋಗುತ್ತೆ ಅನ್ನೋದೆಲ್ಲ ಸುಳ್ಳು. ಟೇಪ್ ಎತ್ತಿಡಿ. ಚಿಕ್ಕಂದಿನಲ್ಲಿ ನಿಮಗೆ ಸೀತಾಳೆ ಸಿಡುಬು ಬಂದಿತ್ತಲ್ಲ, ಅದೇ ವೈರಸ್ಸು ನರದೊಳಗೆ ಮಲಗಿತ್ತು. ಈಗ ಎದ್ದಿದೆ."

"ಇಷ್ಟು ವರ್ಷ ಮಲಗಿದ್ದಕ್ಕೆ ಯೂನಿಫಾರ್ಮ್ ಸೀಸನ್ನಲ್ಲೇ ಎಚ್ಚರ ಆಗ್ಬೇಕಿತ್ತಾ?"

ಡಾಕ್ಟರು ನಕ್ಕಳು. ಗುಳಿಗೆ ಬರೆಯುತ್ತ, "ಗುಳ್ಳೆ ಒಣಗೋವರೆಗೆ ಮುಚ್ಚಿಟ್ಕೊಳ್ಳಿ. ಅದರ ನೀರು ತಾಗಿದ್ರೆ ಬೇರೆಯವರಿಗೆ ಸೀತಾಳೆ ಬರಬಹುದು. ಹತ್ತಿರದಲ್ಲಿ ಬಸುರಿಯರು ಯಾರೂ ಇಲ್ಲ ತಾನೇ?" ಎಂದಳು.

ಟೈಲರಮ್ಮನ ಕೈ ಟೇಪಿನ ಮೇಲೇ ನಿಂತಿತು. "ಮಗಳು... ಅವಳೇ ಮುಲಾಮು ಹಚ್ಚಿದ್ದು. ಬೆರಳಲ್ಲಿ."

"ಅವರಿಗೆ ಚಿಕ್ಕಂದಿನಲ್ಲಿ ಸೀತಾಳೆ ಆಗಿತ್ತಾ? ಆಗಿದ್ರೆ ಹೆದರಿಕೆ ಇಲ್ಲ. ಆಗಿಲ್ಲ ಅಂದ್ರೆ ತಡ ಮಾಡದೆ ಇಂಜೆಕ್ಷನ್ ಕೊಡಿಸ್ಬೇಕು. ಗೊತ್ತಿಲ್ಲದಿದ್ರೆ ರಕ್ತ ಪರೀಕ್ಷೇಲಿ ತಿಳಿಯುತ್ತೆ."

"ಕೇಳಿ ನೋಡ್ತೀನಿ" ಎಂದು ಎದ್ದಳು.

ಮಗಳಿಗೆ ನಾಲ್ಕು ವರ್ಷವಿದ್ದಾಗ ಮೈಮೇಲೆ ಏನೋ ಎದ್ದಿತ್ತು, ಅದು ನೆನಪಿದೆ. ದಡಾರವೋ ಸೀತಾಳೆಯೋ, ನೆನಪಾಗುತ್ತಿಲ್ಲ. ನೆನಪಾಗುವುದಾದರೂ ಹೇಗೆ? ಗಂಡ ತೀರಿಕೊಂಡ ವರ್ಷ ಅದು. ಮಗುವನ್ನು ಅಕ್ಕನ ಮಡಿಲಿಗೆ ಹಾಕಿ ಬೇರೆ ಊರಿನ ಬಟ್ಟೆ ಕಾರ್ಖಾನೆಗೆ ಸೇರಿದ್ದಳು. ಮಗುವಿಗೆ ಜ್ವರ ಬಂದ ಸುದ್ದಿ, ವಾಸಿಯಾದ ಸುದ್ದಿ, ಎರಡೂ ಒಂದೇ ಫೋನಿನಲ್ಲಿ ಬಂದಿದ್ದವು.

ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತೇ ಮಗಳಿಗೆ ಫೋನಿನಲ್ಲಿ ವಿಷಯ ಹೇಳಿದಳು. "ನನಗೆ ಹೇಗೆ ನೆನಪಿರುತ್ತೆ ಅಮ್ಮ?" ಎಂದ ಮಗಳ ಧ್ವನಿ ಆಗಲೇ ಸಣ್ಣಗಾಗಿತ್ತು. "ದೊಡ್ಡಮ್ಮಂಗೆ ಗೊತ್ತಿರುತ್ತೆ. ನಾನೇ ಕೇಳ್ಲಾ?"

"ಬೇಡ. ನೀನು ಮೊದಲು ರಕ್ತ ಪರೀಕ್ಷೆಗೆ ಹೊರಡು. ನಾನು ಕೇಳ್ತೀನಿ."

ಹೇಳಿದ್ದು ಸುಲಭವಾಗಿತ್ತು. ಮಗಳ ಮದುವೆಯ ದಿನ ಬೀಗರ ನಡುವೆ ಕೂತು ಅಕ್ಕ ನಗುನಗುತ್ತಲೇ, "ಹೆತ್ತಿದ್ದು ಅವಳು, ಸಾಕಿದ್ದು ನಾನು" ಎಂದಿದ್ದಳು. ಟೈಲರಮ್ಮನಿಗೆ ಎಲ್ಲಿತ್ತೋ ಸಿಟ್ಟು. "ನಿನಗೊಂದು ಹುಟ್ಟಿದ್ರೆ ಇನ್ನೊಬ್ಬರದ್ದಕ್ಕೆ ಆಸೆ ಪಡೋದು ತಪ್ತಿತ್ತು" ಎಂದುಬಿಟ್ಟಿದ್ದಳು. ಅಕ್ಕ ಊಟ ಮಾಡದೆ ಎದ್ದು ಹೋಗಿದ್ದಳು. ಅಂದಿನಿಂದ ಮಾತಿಲ್ಲ, ಕತೆಯಿಲ್ಲ.

ಅಂಗಡಿಗೆ ಬಂದವಳು ಫೋನು ಹಿಡಿದು ಓಡಾಡಿದಳು. ಗುಡ್ಡೆಯಿಂದ ಒಂದು ತೋಳು ಎತ್ತಿಕೊಂಡು ತಿರುವಿ ನೋಡಿ ಮತ್ತೆ ಹಾಕಿದಳು. ನೀರು ಕುಡಿದಳು. ಸೊಂಟದೊಳಗೆ ಚಳುಕು ಹೊಡೆದಾಗ ಗೋಡೆ ಹಿಡಿದು ನಿಂತು, ಆ ಸಿಟ್ಟಿನಲ್ಲೇ ನಂಬರು ಒತ್ತಿದಳು.

"ಯಾರು?" ಎಂದಳು ಅಕ್ಕ. ಗೊತ್ತಿದ್ದೇ ಕೇಳಿದ್ದು.

"ನಾನು. ಅಕ್ಕಾ, ಒಂದು ವಿಷಯ ಕೇಳ್ಬೇಕಿತ್ತು. ಮಗೂಗೆ ನಿನ್ನ ಹತ್ರ ಇದ್ದಾಗ ಮೈಮೇಲೆ ಎದ್ದಿತ್ತಲ್ಲ, ಅದು ದಡಾರಾನಾ, ಸೀತಾಳೇನಾ?" ಉಸಿರು ಬಿಡದೆ ಎಲ್ಲವನ್ನೂ ಹೇಳಿದಳು. ಕೊನೆಗೆ, "ನನಗೆ ಗೊತ್ತಿಲ್ಲ" ಎಂದಳು.

ಈಗ ಚುಚ್ಚುಮಾತು ಬರುತ್ತದೆ ಎಂದುಕೊಂಡಳು ಟೈಲರಮ್ಮ. ಮಗುವಿನ ಹತ್ತಿರ ಇದ್ದಿದ್ದರೆ ತಾನೇ ಗೊತ್ತಿರೋಕೆ ಎನ್ನುತ್ತಾಳೆ. ಅನ್ನಲಿ. ಅಂದು ಮುಗಿಸಲಿ.

"ಸೀತಾಳೆ" ಎಂದಳು ಅಕ್ಕ. "ದಡಾರ ಅಲ್ವೇ ಅಲ್ಲ. ನೀರುಗುಳ್ಳೆ. ಕೆರ್ಕೊಳ್ತಾಳೆ ಅಂತ ಎರಡೂ ಕೈಗೆ ಕಾಲುಚೀಲ ಹಾಕಿ ದಾರ ಕಟ್ಟಿದ್ದೆ. ಹಲ್ಲಲ್ಲಿ ದಾರ ಬಿಚ್ಚಿ ಕೆರೆದಿದ್ಲು ಕಳ್ಳಿ. ಬಲಗಿವಿ ಹಿಂದೆ ಕಲೆ ಇದೆ ನೋಡು, ಅಕ್ಕಿಕಾಳಷ್ಟು ಕುಳಿ."

ಟೈಲರಮ್ಮ ಮತ್ತೆ ಓಡಾಡತೊಡಗಿದಳು. ಮಗಳ ಕತ್ತಿನ ಅಳತೆ ಅವಳಿಗೆ ಬಾಯಿಪಾಠ. ಅಂಗನವಾಡಿಯ ಅಂಗಿಯಿಂದ ಮದುವೆಯ ಉಡುಪಿನವರೆಗೆ ಎಲ್ಲವೂ ಇದೇ ಕೈಯಲ್ಲಿ ಹೊಲಿದದ್ದು. ಕಿವಿಯ ಹಿಂದೆ ಮಾತ್ರ ಎಂದೂ ನೋಡಿರಲಿಲ್ಲ.

"ಕೇಳಿಸ್ತಾ? ಅಳಿಯನಿಗೆ ಹೇಳಿ ನೋಡಿಸು. ರಕ್ತಾನೂ ಕೊಡ್ಲಿ, ಆಮೇಲೆ ಸಂಶಯ ಬೇಡ." ಆಮೇಲೆ ಅಕ್ಕ ಕೇಳಿದಳು, "ನೀನು ಯಾಕೆ ಹೀಗೆ ಓಡಾಡ್ತಿದ್ದೀಯ? ಚಪ್ಪಲಿ ಸದ್ದು ಕೇಳಿಸ್ತಿದೆ."

"ಕೂರೋಕಾಗಲ್ಲ ಅಕ್ಕ."

ಮಾರನೆಯ ದಿನ ಮಧ್ಯಾಹ್ನದ ಬಸ್ಸಿಗೆ ಅಕ್ಕ ಬಂದಿಳಿದಳು. ಒಳಗೆ ಬಂದವಳೇ, "ನನಗೇನೂ ಅಂಟಲ್ಲ. ಚಿಕ್ಕಂದಿನಲ್ಲಿ ಒಂದೇ ಹಾಸಿಗೇಲಿ ಬಿದ್ಕೊಂಡು ಇಬ್ರೂ ಸೀತಾಳೆ ಅನುಭವಿಸಿದ್ದು ಮರೆತ್ಯಾ?" ಎಂದು ಚೀಲ ಕೆಳಗಿಟ್ಟಳು. ಅಳಿಯ ಕಳಿಸಿದ ಫೋಟೋ ಅಷ್ಟರಲ್ಲಿ ಬಂದಿತ್ತು. ಕಿವಿ ಮಡಚಿ ಹಿಡಿದ ಬೆರಳು, ಅದರ ಹಿಂದೆ ಅಕ್ಕಿಕಾಳಿನಷ್ಟು ಕುಳಿ. ಇಬ್ಬರೂ ತಲೆಗೆ ತಲೆ ತಾಗಿಸಿ ನೋಡಿದರು. ರಕ್ತದ ವರದಿ ಬಂದಾಗಲೂ ಅದೇ ಉತ್ತರ: ಸೀತಾಳೆ ಆಗಿತ್ತು, ಹೆದರಿಕೆ ಇಲ್ಲ. ಆಗ ಮಾತ್ರ ಟೈಲರಮ್ಮ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು.

ಗುಳ್ಳೆ ಒಡೆದವು, ಹಕ್ಕಳೆ ಕಟ್ಟಿದವು, ಉದುರಿದವು. ನೋವು ಮಾತ್ರ ಕದಲಲಿಲ್ಲ. ಗಾಳಿ ಸೋಕಿದರೂ ಉರಿ. ಮೆತ್ತನೆಯ ಹಳೆ ಹೊದಿಕೆ ಸುತ್ತಿಕೊಂಡು, ನಿಂತುಕೊಂಡೇ ಗುಂಡಿ ತೂರಿಸುವ ಕಾಜಗಳನ್ನು ಹೊಲಿದಳು. ಅಕ್ಕನಿಗೆ ಹೊಲಿಗೆ ಬಾರದು, ಗುಂಡಿ ಹಚ್ಚಲು ಬರುತ್ತಿತ್ತು. ಹಚ್ಚಿದ್ದರಲ್ಲಿ ಅರ್ಧ ಸೊಟ್ಟ. ಟೈಲರಮ್ಮ ಸಿಡಿಮಿಡಿಗೊಂಡರೆ, "ಮಕ್ಕಳು ತಾನೇ, ಸಂಜೆಯೊಳಗೆ ಕಿತ್ಕೊಂಡು ಬರ್ತಾವೆ" ಎನ್ನುತ್ತಿದ್ದಳು. ಬಟ್ಟೆ ಒಯ್ಯಲು ಬಂದವರನ್ನು ಬಾಗಿಲಲ್ಲೇ ನಿಲ್ಲಿಸಿ ಸಮಾಧಾನ ಮಾಡುವುದೂ ಅವಳೇ.

ಒಂದು ಸಂಜೆ ಅಕ್ಕ ಮುಲಾಮು ಹಚ್ಚುತ್ತಿದ್ದಾಗ ಟೈಲರಮ್ಮ ಗೋಡೆಯ ಕಡೆ ಮುಖ ಮಾಡಿಕೊಂಡೇ, "ಮದುವೆ ದಿನ ನಾನು ಆ ಮಾತು..." ಎಂದಳು.

"ಅಲ್ಲಾಡ್ಬೇಡ" ಎಂದಳು ಅಕ್ಕ. ಬೆರಳು ಒಂದು ಗಳಿಗೆ ನಿಂತು, ಮತ್ತೆ ಹಗುರಾಗಿ ಓಡಾಡಿತು.

ಶಾಲೆ ಶುರುವಾಗಿ, ಮೇಜು ಖಾಲಿಯಾದ ಮೇಲೆ ಒಂದು ದಿನ ಟೈಲರಮ್ಮ ಹೊದಿಕೆ ಬಿಟ್ಟು ಉಡುಪು ಹಾಕಿಕೊಳ್ಳಲು ನೋಡಿದಳು. ಮಗಳ ಮನೆಗೆ ಹೋಗಬೇಕಿತ್ತು. ಸೊಂಟದ ಕೊಕ್ಕೆ ಸಿಕ್ಕಿಸಿದ್ದೇ ತಡ, ಹಲ್ಲು ಕಚ್ಚಿ ಬಿಚ್ಚಿ ಎಸೆದಳು. "ಇನ್ನೂ ಉರೀತದೆ. ಯಾವತ್ತು ಹೋಗುತ್ತೋ ಏನೋ."

"ಹೋಗದೇ ಇದ್ರೆ ಇರ್ಲಿ. ಮಗಳ ಮನೆಗೆ ಹೋಗೋದು ನಿಲ್ಸೋದು ಬೇಡ" ಎಂದಳು ಅಕ್ಕ. ನೆಲಕ್ಕೆ ಬಿದ್ದ ಉಡುಪನ್ನು ಎತ್ತಿಕೊಂಡು ಹೊಸ್ತಿಲ ಮೇಲೆ ಬೆಳಕಿಗೆ ಕೂತಳು. ಸಡಿಲ ಮಾಡಲೆಂದು ಬ್ಲೇಡಿನ ತುದಿಯಿಂದ ಸೊಂಟದ ಹೊಲಿಗೆಯನ್ನು ಒಂದೊಂದಾಗಿ ಬಿಡಿಸತೊಡಗಿದಳು. ಬಟ್ಟೆ ಹರಿದೀತೆಂದು ತುಟಿ ಬಿಗಿದಿದ್ದಳು. ಟೈಲರಮ್ಮ ಹೇಗೆ ಹಿಡಿಯಬೇಕೆಂದು ಹೇಳಲು ಬಾಯಿ ತೆರೆದವಳು ಹೇಳಲಿಲ್ಲ. ಪಕ್ಕದಲ್ಲಿ ಬಂದು ಮೆಲ್ಲಗೆ ಕೂತಳು. ತುಂಡು ದಾರಗಳು ಅಕ್ಕನ ಮಡಿಲ ತುಂಬ ಬೀಳುತ್ತಿದ್ದವು.